ಮರಿನಾಯಿ ರಬ್ಬರ್ ಬಾತುಕೋಳಿಯ ತಲೆ ನುಂಗಿದೆ, ರಸ್ತೆಗೆ ಮರ ಬಿದ್ದಿದೆ. ಏನು ಮಾಡಲಿ?

ಹಾಳೆಟೊಪ್ಪಿ · ಭಾನುವಾರ, ರಾತ್ರಿ 7:50

ಬೇಗ ಉತ್ತರ ಬೇಕಾಗಿದೆ. ನಮ್ಮ ಮನೆ ತೀರ್ಥಹಳ್ಳಿ ಕಡೆಯ ಮೇಗರವಳ್ಳಿಯಿಂದ ಒಳಗೆ, ಡಾಂಬರು ಮುಗಿದ ಮೇಲೆ ಇನ್ನೂ ಎರಡು ಕಿಲೋಮೀಟರ್. ಮರಿಯ ಹೆಸರು ಕಡುಬು. ನಾಲ್ಕು ತಿಂಗಳು, ನಾಟಿ ತಳಿ, ಕಳೆದ ವಾರ ಅಡಿಕೆ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿದಾಗ 7 ಕಿಲೋ ಇತ್ತು. ಅಣ್ಣನ ಮಗನಿಗೆ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಡಿಸಿದ್ದ ರಬ್ಬರ್ ಬಾತುಕೋಳಿ, ಒತ್ತಿದರೆ ಕೀ ಎನ್ನುವಂಥದ್ದು, ಜಗಲಿಯಲ್ಲಿ ಬಿದ್ದಿತ್ತು. ನಾನು ದೇವರಿಗೆ ದೀಪ ಹಚ್ಚಿ ಹೊರಗೆ ಬರುವಷ್ಟರಲ್ಲಿ ಬಾತುಕೋಳಿಗೆ ತಲೆ ಇರಲಿಲ್ಲ. ಆರೂವರೆಯಿಂದ ಏಳರ ನಡುವೆ ಆಗಿರಬೇಕು. ಒಳಗಿನ ಪೀಪಿಯೂ ಕಾಣುತ್ತಿಲ್ಲ.

ಮರಿ ಬಾಲ ಅಲ್ಲಾಡಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದೆ, ಇನ್ನೊಂದು ಬಾತುಕೋಳಿ ಇದೆಯೇ ಎನ್ನುವ ಹಾಗೆ. ನನಗೆ ಮಾತ್ರ ಕೈಕಾಲು ನಡುಗುತ್ತಿವೆ. ಬೆಳಗಿನಿಂದ ಕರೆಂಟಿಲ್ಲ. ನೆಟ್‌ವರ್ಕ್ ಸಿಗುವುದು ಹಿತ್ತಿಲಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಕಂಬಳಿಕೊಪ್ಪೆ ಹಾಕಿಕೊಂಡು ಅಲ್ಲೇ ನಿಂತಿದ್ದೇನೆ. ಅಮ್ಮ ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಎನ್ನುತ್ತಿದ್ದಾರೆ. ಕುಡಿಸಲೇ?

ವಿನೋಬನಗರ ವಿದ್ಯಾರ್ಥಿನಿ · 7:54

ಅಕ್ಕ, ಉಪ್ಪುನೀರು ಬೇಡವೇ ಬೇಡ. ವಾಂತಿಯಾಗದೆ ಉಪ್ಪು ಒಳಗೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ಮರಿಗೆ ಫಿಟ್ಸ್ ಬರಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ. ನಾನು ಪಶುವೈದ್ಯಕೀಯ ಓದುತ್ತಿದ್ದೇನೆ, ಇನ್ನೂ ಡಾಕ್ಟರ್ ಆಗಿಲ್ಲ, ತಪ್ಪಿದ್ದರೆ ದೊಡ್ಡವರು ತಿದ್ದಲಿ.

ಮೊದಲು ಇಷ್ಟು ಹೇಳಿ. ಉಸಿರಾಟ ಸರಾಗವಾಗಿದೆಯೇ? ಕೆಮ್ಮು, ಜೊಲ್ಲು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು ಇದೆಯೇ? ಬಾತುಕೋಳಿಯಲ್ಲಿ ಮಿಣುಕು ದೀಪ ಇತ್ತೇ? ದೀಪ ಇದ್ದರೆ ಒಳಗೆ ವಾಚಿಗೆ ಹಾಕುವಂಥ ಸೆಲ್ಲು ಇರುತ್ತದೆ. ಹಾಗಿದ್ದರೆ ಇಲ್ಲಿ ಬರೆಯುತ್ತಾ ನಿಲ್ಲಬೇಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಂದೆರಡು ಗಂಟೆಯೊಳಗೇ ಸುಟ್ಟು ತೂತು ಮಾಡುವಷ್ಟು ಕೆಟ್ಟದ್ದು.

ಹಾಳೆಟೊಪ್ಪಿ · 7:59

ದೀಪ ಇರಲಿಲ್ಲ, ದಾರವೂ ಇರಲಿಲ್ಲ. ಬರೀ ಹಳದಿ ರಬ್ಬರ್ ಮತ್ತು ಒಳಗೊಂದು ಪ್ಲಾಸ್ಟಿಕ್ ಪೀಪಿ. ಉಸಿರಾಟ ಸರಿಯಾಗಿದೆ, ಕೆಮ್ಮಿಲ್ಲ. ಈಗಷ್ಟೇ ನನ್ನ ಚಪ್ಪಲಿಗೂ ಬಾಯಿ ಹಾಕಿತು.

ಹೊಸನಗರ ಮಳೆಮಾಪಕ · 8:02

ಇಷ್ಟಕ್ಕೆಲ್ಲ ಹೆದರುತ್ತೀರಲ್ಲ ಮಾರಾಯರೇ. ನಮ್ಮ ಮನೆಯಲ್ಲಿ ಅರವತ್ತು ವರ್ಷದಿಂದ ನಾಯಿಗಳಿವೆ. ಹವಾಯಿ ಚಪ್ಪಲಿಯ ಬಾರು, ಹಾಲು ಕರೆಯುವ ತಂಬಿಗೆಯ ಮುಚ್ಚಳದ ವಾಷರ್, ಒಮ್ಮೆ ನನ್ನ ತಂದೆಯವರ ಕಟ್ಟುಹಲ್ಲಿನ ಅರ್ಧ ಸೆಟ್ಟು, ಎಲ್ಲ ತಿಂದಿವೆ, ಎಲ್ಲ ಹೊರಗೆ ಹಾಕಿವೆ. ನಮ್ಮ ಅಜ್ಜ ನಾಯಿಗೆ ಹುಳ ಆದಾಗ ಒಣಗಿದ ಅಡಿಕೆ ತೇಯ್ದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದರು, ಅರ್ಧ ಗಂಟೆಯಲ್ಲಿ ಹೊಟ್ಟೆ ತೊಳೆದಿಟ್ಟ ಹಾಗೆ. ನಿಮ್ಮ ಮನೆಯಲ್ಲಿ ಅಡಿಕೆಗೇನು ಬರವೇ?

ಇಲ್ಲಿ ಇವತ್ತು ಬೆಳಿಗ್ಗೆಯವರೆಗೆ 142 ಮಿಲಿಮೀಟರ್.

ನಿವೃತ್ತ ಗೋಡಾಕ್ಟರ್ · 8:11

ಅಡಿಕೆ ಕೊಡಬೇಡಿ. ಮಳೆಮಾಪಕರೇ, ನಿಮ್ಮ ಅಜ್ಜ ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅದು ಅಪಾಯ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ವಸ್ತುವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿಯೇ ಕೊಡುತ್ತಿದ್ದರು. ಅದು ಕರುಳನ್ನು ಜೋರಾಗಿ ಹಿಂಡಿ ಭೇದಿ ಮಾಡಿಸುತ್ತದೆ. ಕರುಳು ಖಾಲಿ ಇದ್ದಾಗ ಸರಿ. ನಡುವೆ ರಬ್ಬರ್ ತುಂಡು ಅಡ್ಡ ಕೂತಿರುವಾಗ ಹಿಂದಿನಿಂದ ಹಾಗೆ ಹಿಂಡಿದರೆ ಏನಾಗುತ್ತದೆ, ಯೋಚಿಸಿ. ಹರಳೆಣ್ಣೆಗೂ ಇದೇ ಮಾತು. ಇನ್ನು ಕೆಲವರು ತೋಟಕ್ಕೆ ತಂದ ಮೈಲುತುತ್ತವನ್ನು ಚಿಟಿಕೆ ಹಾಕಿ ವಾಂತಿ ಮಾಡಿಸುವುದನ್ನು ನಾನೇ ನೋಡಿದ್ದೇನೆ. ಬೋರ್ಡೋ ದ್ರಾವಣಕ್ಕೆ ಬಳಸುವ ವಸ್ತು ಹೊಟ್ಟೆಯ ಒಳಪದರವನ್ನು ಸುಡುತ್ತದೆ. ಅದು ಅಡಿಕೆಯ ಕೊಳೆರೋಗಕ್ಕೆ ಮದ್ದು, ಮರಿಗಲ್ಲ.

ಈಗ ತಾಯಿ, ನಿಮ್ಮ ವಿಷಯ. ನುಂಗಿ ಒಂದು ಗಂಟೆ ದಾಟಿದೆ. ಡಾಕ್ಟರ ಕೈಯಲ್ಲಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುವುದು ಸಾಮಾನ್ಯವಾಗಿ ಮೊದಲ ಎರಡು ಗಂಟೆಯೊಳಗೆ ಚೆನ್ನಾಗಿ ನಡೆಯುತ್ತದೆ. ಅದೂ ನುಂಗಿದ್ದು ಮೆತ್ತಗಿದ್ದು, ಚೂಪಿಲ್ಲದಿದ್ದರೆ, ಮರಿ ಎಚ್ಚರವಾಗಿದ್ದರೆ ಮಾತ್ರ. ಆದ್ದರಿಂದ ತೀರ್ಥಹಳ್ಳಿಗೆ ಈಗಲೇ ಹೊರಡಲು ಆಗುತ್ತದೆಯೇ ನೋಡಿ. ಆಗದಿದ್ದರೆ ನಿಮ್ಮ ಪಶುವೈದ್ಯರಿಗೆ ಫೋನಾದರೂ ಮಾಡಿ. ಅಷ್ಟರಲ್ಲಿ ಮನೆಯಲ್ಲಿರುವವರಿಗೆ ಒಂದು ಕೆಲಸ: ಉಳಿದ ಬಾತುಕೋಳಿಯ ಚೂರುಗಳನ್ನೆಲ್ಲ ಆರಿಸಿ ಒಂದು ಪೇಪರಿನ ಮೇಲೆ ಇದ್ದ ಹಾಗೆ ಜೋಡಿಸಿ. ಮರಿ ಏನು ತಿಂದಿದೆ ಎನ್ನುವುದಕ್ಕಿಂತ ಏನು ಸಿಗುತ್ತಿಲ್ಲ ಎನ್ನುವುದು ನನಗೆ ಬೇಕು.

ಕೊಪ್ಪದ ಕಾಫಿ · 8:15

ಬಾಳೆಹಣ್ಣು, ಅನ್ನ ಹೊಟ್ಟೆ ತುಂಬ ತಿನ್ನಿಸಿ, ತುಂಡನ್ನು ಸುತ್ತಿಕೊಂಡು ಹೋಗುತ್ತದೆ ಎಂದು ನಮ್ಮ ಪಕ್ಕದ ಎಸ್ಟೇಟಿನವರು ಹೇಳುತ್ತಾರೆ. ಜೊತೆಗೆ ಎರಡು ಚಮಚ ತುಪ್ಪ, ಜಾರಲಿ ಎಂದು.

ನಿವೃತ್ತ ಗೋಡಾಕ್ಟರ್ · 8:24

ನಾಯಿ ಹೊಟ್ಟೆಗೆ ತುಪ್ಪ ದಕ್ಕುವುದಿಲ್ಲ ಎಂಬ ಗಾದೆಯನ್ನು ತುಪ್ಪ ತಿಂದ ಮನೆಯವರೇ ಮರೆತರೆ ಹೇಗೆ. ಎಣ್ಣೆ, ತುಪ್ಪ ಬಲವಂತವಾಗಿ ಬಾಯಿಗೆ ಹುಯ್ದರೆ ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ.

ಅನ್ನದ ಮಾತು ಅಷ್ಟು ಸುಲಭವಲ್ಲ. ಚೂಪಾದ ಚೂರು ನುಂಗಿದಾಗ ಮೆತ್ತನೆಯ ಆಹಾರ ಕೊಡಿ ಎಂದು ಕೆಲವು ವೈದ್ಯರು ಹೇಳುವುದುಂಟು. ಆದರೆ ನಾಳೆ ಬೆಳಿಗ್ಗೆ ಅರಿವಳಿಕೆ ಕೊಡುವ ಪ್ರಸಂಗ ಬಂದರೆ ತುಂಬಿದ ಹೊಟ್ಟೆ ತೊಂದರೆ ಕೊಡುತ್ತದೆ. ಹಾಗೆಂದು ನಾಲ್ಕು ತಿಂಗಳ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವುವುದೂ ತಪ್ಪು, ಸಕ್ಕರೆ ಅಂಶ ಇಳಿದು ಸುಸ್ತಾಗುತ್ತದೆ. ನಿಮ್ಮ ವೈದ್ಯರು ಬೇರೆ ಹೇಳದಿದ್ದರೆ ಹತ್ತು ಗಂಟೆಗೆ ನಾಲ್ಕೈದು ಚಮಚ ತೆಳು ಗಂಜಿ ಕೊಡಿ. ವಾಂತಿಯಾದರೆ ಅದನ್ನೂ ನಿಲ್ಲಿಸಿ.

ಹಾಳೆಟೊಪ್ಪಿ · 8:47

ಅಣ್ಣ ಬೈಕಿನಲ್ಲಿ ಹೋಗಿ ನೋಡಿಕೊಂಡು ಬಂದ. ಮುಖ್ಯ ರಸ್ತೆಗೆ ಸೇರುವ ಮೊದಲೇ ದೊಡ್ಡ ಹೊನ್ನೆ ಮರ ಅಡ್ಡ ಬಿದ್ದಿದೆ, ಲೈನೂ ಅದರ ಮೇಲೆಯೇ ಇದೆ. ಬೆಳಿಗ್ಗೆ ಲೈನ್‌ಮನ್ ಬಂದ ಮೇಲೆಯೇ ಕೊಯ್ಯುವುದಂತೆ. ಪಶುವೈದ್ಯರಿಗೆ ಫೋನ್ ಸಿಕ್ಕಿತು. ಮರಿ ಚುರುಕಾಗಿರುವುದರಿಂದ ರಾತ್ರಿ ಕಣ್ಣಿಟ್ಟು ನೋಡಿ, ಬೆಳಿಗ್ಗೆ ರಸ್ತೆ ಬಿಟ್ಟ ಕೂಡಲೇ ಶಿವಮೊಗ್ಗಕ್ಕೇ ಹೋಗಿಬಿಡಿ, ಎಕ್ಸ್‌ರೇ ಬೇಕಾಗುತ್ತದೆ ಎಂದರು. ಗಂಜಿಗೆ ಒಪ್ಪಿದರು.

ಲಾಟೀನು ಬೆಳಕಿನಲ್ಲಿ ಪೇಪರಿನ ಮೇಲೆ ಬಾತುಕೋಳಿ ಜೋಡಿಸಿದೆವು. ಅಣ್ಣನ ಮಗ ಅಳು ನಿಲ್ಲಿಸಿ ಇದೇ ಆಟ ಎಂದುಕೊಂಡು ಕೂತ. ಹೊಟ್ಟೆಯ ಭಾಗ ಪೂರ್ತಿ ಇದೆ. ಬಾಲ ಸಿಕ್ಕಿತು, ಒಲೆಯ ಹತ್ತಿರ. ಸಿಗದಿರುವುದು: ಕೊಕ್ಕಿನೊಂದಿಗೆ ತಲೆಯ ಮುಂಭಾಗ, ಕುತ್ತಿಗೆಯ ಹಿಂದಿನ ಒಂದು ತುಂಡು, ನನ್ನ ಹೆಬ್ಬೆರಳಿನ ತುದಿಯಷ್ಟು, ಮತ್ತು ಪೀಪಿ. ಪೀಪಿ ಎಂಟಾಣೆಯಷ್ಟು ಅಗಲ.

ವಿನೋಬನಗರ ವಿದ್ಯಾರ್ಥಿನಿ · 8:55

ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಡಿ ಅಕ್ಕ, ಬೆಳಿಗ್ಗೆ ಗಾಬರಿಯಲ್ಲಿ ಮರೆಯುತ್ತದೆ. ಉಳಿದ ಚೂರುಗಳನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ ತನ್ನಿ.

ರಾತ್ರಿ ಏನಾದರೂ ತುಂಡು ಮೇಲೆ ಬಂದು ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಿದರೆ: ಬಾಯಿ ತೆರೆದು ನೋಡಿ, ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ, ಕಾಣದೆ ಬೆರಳು ತೂರಿಸಿದರೆ ಇನ್ನೂ ಒಳಗೆ ಹೋಗುತ್ತದೆ. ಕಾಣದಿದ್ದರೆ ಹಿಂಗಾಲು ಮೇಲೆತ್ತಿ ತಲೆ ಕೆಳಗಾಗಿ ಹಿಡಿದು, ಅಂಗೈಯ ಬುಡದಿಂದ ಹೆಗಲಿನ ಎಲುಬುಗಳ ನಡುವೆ ನಾಲ್ಕೈದು ಸಲ ಗಟ್ಟಿಯಾಗಿ ತಟ್ಟಿ. ಬರದಿದ್ದರೆ ಪಕ್ಕೆಲುಬು ಮುಗಿಯುವಲ್ಲಿ ಹೊಟ್ಟೆಯನ್ನು ಒಳಕ್ಕೂ ಎದೆಯ ಕಡೆಗೂ ಥಟ್ಟನೆ ಒತ್ತಬೇಕು. ಇದು ಉಸಿರು ಕಟ್ಟಿದಾಗ ಮಾತ್ರ. ಈಗ ಚೆನ್ನಾಗಿರುವ ಮರಿಯ ಮೇಲೆ ಪ್ರಯೋಗ ಮಾಡಬೇಡಿ.

ಬಚ್ಚಲೊಲೆ · 9:20

ದಾರ ಇಲ್ಲ ಎಂದು ಓದಿ ಸಮಾಧಾನವಾಯಿತು. ನನ್ನದನ್ನು ಬರೆಯಬೇಕೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿದೆ.

ನಮ್ಮ ನಾಯಿ ಎರಡು ವರ್ಷದ್ದು. ಒಣಮೀನು ತಂದಿದ್ದ ಚೀಲದ ಬಾಯಿ ಹೊಲಿದ ದಾರವನ್ನು ನುಂಗಿತ್ತು, ನಮಗೆ ಗೊತ್ತಿರಲಿಲ್ಲ. ಎರಡನೆಯ ದಿನ ಹಿಂದುಗಡೆ ಒಂದು ಗೇಣು ದಾರ ನೇತಾಡುವುದು ಕಂಡಿತು. ಬರುತ್ತಿದೆಯಲ್ಲ ಎಂದು ನಾನೇ ಹಿಡಿದು ಎಳೆದೆ. ಸ್ವಲ್ಪ ಬಂತು, ಆಮೇಲೆ ಬಿಗಿಯಾಯಿತು, ನಾಯಿ ಕಿರುಚಿತು, ಬಿಟ್ಟೆ. ಆಮೇಲೆ ಡಾಕ್ಟರು ವಿವರಿಸಿದರು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡಿರುತ್ತದೆ. ಉಳಿದದ್ದು ಕರುಳಿನಲ್ಲಿ ಮುಂದೆ ಹೋಗುತ್ತಿರುತ್ತದೆ. ಆಗ ಲಾಡಿ ಎಳೆದ ಲಂಗದಂತೆ ಕರುಳೆಲ್ಲ ನೆರಿಗೆ ನೆರಿಗೆಯಾಗಿ ದಾರದ ಮೇಲೆ ಕೂಡಿಕೊಳ್ಳುತ್ತದೆ. ಎಳೆದರೆ ಆ ನೆರಿಗೆಗಳನ್ನು ದಾರ ಗರಗಸದಂತೆ ಕೊಯ್ಯುತ್ತದೆ. ನಾಲ್ಕನೆಯ ದಿನ ಹೋಯಿತು.

ಹೊರಗೆ ನೇತಾಡುತ್ತಿರುವುದು ದಾರವಾಗಲಿ, ರಿಬ್ಬನ್ನಾಗಲಿ, ಹಗ್ಗದ ಆಟಿಕೆಯ ಎಳೆಯಾಗಲಿ, ಎಳೆಯಬೇಡಿ. ಅದು ಹೊರಗೆ ಉಳಿದಷ್ಟಕ್ಕೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ. ಇನ್ನು ಹೆಚ್ಚು ಬರೆಯಲಾರೆ.

ಶಿಕಾರಿಪುರ ಮೆಕ್ಕೆಜೋಳ · 9:41

ನಮ್ಮಲ್ಲಿ ಆಟಿಕೆಗಿಂತ ಜೋಳದ ದಿಂಡಿನದೇ ಕಾಟ. ಕಾಳು ಬಿಡಿಸಿದ ದಿಂಡು ಕಣದಲ್ಲಿ ರಾಶಿ ಬಿದ್ದಿರುತ್ತದೆ, ಬೆಣ್ಣೆ ಹಚ್ಚಿ ಸುಟ್ಟು ತಿಂದದ್ದಾದರೆ ನಾಯಿಗೆ ಇನ್ನೂ ರುಚಿ. ನಮ್ಮದು ಒಂದು ತುಂಡು ನುಂಗಿ ಹತ್ತು ದಿನ ಹೀಗೇ ಕಳೆಯಿತು: ಒಂದು ದಿನ ವಾಂತಿ, ಮರುದಿನ ಸರಿ, ಸ್ವಲ್ಪ ತಿನ್ನುವುದು, ಮತ್ತೆ ವಾಂತಿ. ಎಕ್ಸ್‌ರೇಯಲ್ಲಿ ದಿಂಡು ನೇರವಾಗಿ ಕಾಣಲಿಲ್ಲ, ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು. ಹೊಟ್ಟೆ ಕೊಯ್ದು ತೆಗೆದರು, ನಾಯಿ ಉಳಿಯಿತು. ಎಂಟು ಚೀಲ ಜೋಳ ಮಾರಿದ ದುಡ್ಡು ಹೋಯಿತು, ಹೋಗಲಿ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಲಾಳಿಕೆಯಂಥ ಕಾಲರ್ ಹಾಕಿಕೊಂಡು ಎರಡು ವಾರ ಮನೆಯ ಬಾಗಿಲಿಗೆಲ್ಲ ಡಿಕ್ಕಿ ಹೊಡೆದುಕೊಂಡು ಓಡಾಡಿತು.

ನಾನು ಹೇಳಲು ಬಂದದ್ದು ಆ ಹತ್ತು ದಿನದ ಬಗ್ಗೆ. ಒಂದು ದಿನ ಸರಿಯಾಗಿದ್ದರೆ ಸರಿಹೋಯಿತು ಎಂದುಕೊಳ್ಳಬೇಡಿ.

ಅಂದ ಹಾಗೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೆ ಗಾಡಿ ಬರುವುದಿಲ್ಲವೇ?

ಸಾಗರದ ಸೋಮಾರಿ · 9:45

ಮೇ ತಿಂಗಳಲ್ಲಿ ನಮ್ಮ ಕಡೆ ಮಾವಿನ ಗೊರಟು. ಅಪ್ಪೆಮಿಡಿ ಆಗಿದ್ದರೆ ಮರಿಯೂ ಉಪ್ಪಿನಕಾಯಿ ಆಗುತ್ತಿತ್ತು. ಕ್ಷಮಿಸಿ, ಹೆದರಿದವರ ಮುಂದೆ ತಮಾಷೆ ಮಾಡಬಾರದು. ರಾತ್ರಿ ಸುಖವಾಗಿ ಕಳೆಯಲಿ.

ನಿವೃತ್ತ ಗೋಡಾಕ್ಟರ್ · 10:05

1962 ಸಂಚಾರಿ ಚಿಕಿತ್ಸಾಲಯ ಮುಖ್ಯವಾಗಿ ದನಕರುಗಳಿಗೆ, ಮನೆ ಬಾಗಿಲಿನ ಚಿಕಿತ್ಸೆಗೆ. ಎಕ್ಸ್‌ರೇ ಯಂತ್ರ ಇರುವಲ್ಲಿಗೆ ಮರಿಯೇ ಹೋಗಬೇಕು.

ಈಗ ರಾತ್ರಿ ನೋಡಬೇಕಾದ್ದು. ಒಂದು ಸಲ ವಾಂತಿಯಾದರೆ ಗಾಬರಿ ಬೇಡ, ವಾಂತಿಯನ್ನು ಕೆದಕಿ ನೋಡಿ. ಮತ್ತೆ ಮತ್ತೆ ಆದರೆ, ನೀರೂ ನಿಲ್ಲದಿದ್ದರೆ, ಅದು ಅಡ್ಡಗಟ್ಟಿದ ಲಕ್ಷಣ. ಇನ್ನೊಂದನ್ನು ಜನ ಆಟ ಎಂದುಕೊಳ್ಳುತ್ತಾರೆ: ಮುಂಗಾಲು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ನಮಸ್ಕಾರ ಮಾಡುವ ಹಾಗೆ ಸುಮ್ಮನೆ ನಿಲ್ಲುವುದು. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೇ ಮಾಡುತ್ತದೆ, ಆದರೆ ಆಗ ಬಾಲ ಕುಣಿಯುತ್ತಿರುತ್ತದೆ. ಬಾಲ ಇಳಿಬಿಟ್ಟುಕೊಂಡು ಹಾಗೆ ನಿಂತರೆ ಹೊಟ್ಟೆನೋವು. ವಸಡು ಮುಟ್ಟಿ ನೋಡಿ. ಒದ್ದೆಯಾಗಿ ಗುಲಾಬಿಯಾಗಿರಬೇಕು, ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗುತ್ತಿದೆ.

ನಮ್ಮ ಮಾತ್ರೆ ಯಾವುದೂ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷ. ವಾಂತಿ ನಿಲ್ಲಿಸುವ ಮಾತ್ರೆ ಕೊಟ್ಟರೆ ನಾನು ಹೇಳಿದ ಗುರುತೇ ಮರೆಯಾಗುತ್ತದೆ.

ಮರಿಗಳಿಗೆ ವಾಂತಿಭೇದಿ ತರುವ ಪಾರ್ವೋ ಸೋಂಕಿನ ಲಸಿಕೆ ಆಗಿದೆಯೇ? ಈ ವಯಸ್ಸಿನ ಮರಿ ವಾಂತಿ ಮಾಡಿದರೆ ಎಲ್ಲ ಸಲವೂ ಆಟಿಕೆಯೇ ಕಾರಣವಲ್ಲ. ಬೆಳಿಗ್ಗೆ ಲಸಿಕೆ ಪುಸ್ತಕವನ್ನೂ ಒಯ್ಯಿರಿ.

ಹಾಳೆಟೊಪ್ಪಿ · ಸೋಮವಾರ, ನಸುಕು 2:52

ಲಸಿಕೆ ಎರಡು ಸಲ ಆಗಿದೆ. ಹತ್ತೂವರೆಗೆ ಗಂಜಿ ನೆಕ್ಕಿತು. ಈಗ ವಾಂತಿ. ಹಳದಿ ನೊರೆ, ಗಂಜಿಯ ಅಗುಳು, ರಬ್ಬರ್ ಇಲ್ಲ. ಟಾರ್ಚ್ ಹಾಕಿ ಕಡ್ಡಿಯಲ್ಲಿ ಕೆದಕಿದೆ. ಮಳೆ ಧೋ ಎನ್ನುತ್ತಿದೆ, ಕಾಲಿಗೆ ಇಂಬಳ ಹತ್ತಿದ್ದೂ ಗೊತ್ತಾಗಲಿಲ್ಲ. ಯಾರಾದರೂ ಎಚ್ಚರ ಇದ್ದೀರಾ?

ವಿನೋಬನಗರ ವಿದ್ಯಾರ್ಥಿನಿ · 2:55

ಇದ್ದೇನೆ ಅಕ್ಕ, ಪರೀಕ್ಷೆಗೆ ಓದುತ್ತಿದ್ದೇನೆ. ವಸಡು ನೋಡಿದಿರಾ?

ಹಾಳೆಟೊಪ್ಪಿ · 3:04

ಒದ್ದೆ ಇದೆ. ಗುಲಾಬಿ ಎನ್ನಲು ಆಗದು, ನಮ್ಮ ಕಡುಬಿನ ವಸಡು ಅರ್ಧ ಕಪ್ಪು. ಗುಲಾಬಿ ಇರುವಲ್ಲಿ ಒತ್ತಿದೆ, ಬಣ್ಣ ಬೇಗ ಬಂತು. ಈಗ ನನ್ನ ಸೆರಗಿನ ಮೇಲೆ ಮಲಗಿದೆ.

ವಿನೋಬನಗರ ವಿದ್ಯಾರ್ಥಿನಿ · 3:06

ಮಲಗಲಿ. ಇನ್ನು ಗಂಜಿ ಬೇಡ, ಒಂದು ಗಂಟೆ ಬಿಟ್ಟು ಒಂದೆರಡು ಚಮಚ ನೀರು ಮಾತ್ರ. ಬೆಳಿಗ್ಗೆ ಬೇಗ ಹೊರಡಿ. ಇಲ್ಲಿ ಕಾಲೇಜಿನ ಆಸ್ಪತ್ರೆಗೆ ಬರುವುದಾದರೆ ಚೀಟಿ ಮಾಡಿಸುವಾಗಲೇ ವಾಂತಿಯಾದದ್ದನ್ನು ಹೇಳಿ, ಸಾಲಿನಲ್ಲಿ ಸುಮ್ಮನೆ ಕೂರಬೇಡಿ.

ಹಾಳೆಟೊಪ್ಪಿ · 6:40

ಹಾಲಿನ ತಂಬಿಗೆಯ ಸದ್ದಿಗೆ ಬರಲಿಲ್ಲ. ಇದುವರೆಗೆ ಒಂದು ದಿನವೂ ಹೀಗಾಗಿಲ್ಲ. ಊರಿನವರು ನಾಲ್ಕು ಜನ ಸೇರಿ ಗರಗಸ ತಂದಿದ್ದಾರೆ, ಲೈನ್‌ಮನ್ ಲೈನ್ ಆಫ್ ಮಾಡಿಸಿದ್ದಾರೆ. ಅರ್ಧ ಗಂಟೆಯಲ್ಲಿ ಹೊರಡುತ್ತೇವೆ. ಶಿವಮೊಗ್ಗಕ್ಕೆ ಹೆಚ್ಚುಕಡಿಮೆ 80 ಕಿಲೋಮೀಟರ್.

ಹಾಳೆಟೊಪ್ಪಿ · 9:10

ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿದ್ದೇವೆ. ತುಂಗೆಯ ಪಕ್ಕದ ತಿರುವುಗಳಲ್ಲಿ ಕಡುಬಿಗೆ ತಲೆ ತಿರುಗಿತೋ ಏನೋ, ನನ್ನ ಮಡಿಲಿಗೇ ವಾಂತಿ ಮಾಡಿತು. ನೊರೆಯ ನಡುವೆ ಕಿತ್ತಳೆ ಬಣ್ಣದ ಕೊಕ್ಕು! ಒಂದು ಕಣ್ಣಿನ ಸಮೇತ! ಬಾತುಕೋಳಿ ನನ್ನನ್ನೇ ನೋಡುತ್ತಿತ್ತು. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಅಣ್ಣ ಗಾಡಿಯನ್ನು ಪಕ್ಕಕ್ಕೆ ಹಾಕಿ ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡು ಕೂತ. ಹೊಳೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿ. ಮರಿ ಈಗ ಕಿವಿ ನಿಮಿರಿಸಿ ಅವುಗಳನ್ನೇ ನೋಡುತ್ತಿದೆ.

ಹೊಸನಗರ ಮಳೆಮಾಪಕ · 9:14

ನಾನು ಹೇಳಿರಲಿಲ್ಲವೇ! ಬಂತಲ್ಲ. ಪೆಟ್ರೋಲ್ ದಂಡ ಮಾಡದೆ ಮನೆಗೆ ಮರಳಿ. 118 ಮಿಲಿಮೀಟರ್.

ನಿವೃತ್ತ ಗೋಡಾಕ್ಟರ್ · 9:16

ಮರಳಬೇಡಿ. ಚೀಟಿ ತೆಗೆದು ನೋಡಿ. ಕೊಕ್ಕು ಬಂತು. ಕುತ್ತಿಗೆಯ ತುಂಡು ಎಲ್ಲಿ, ಪೀಪಿ ಎಲ್ಲಿ?

ಹಾಳೆಟೊಪ್ಪಿ · 9:19

ಹೊರಟೆವು. ಕೊಕ್ಕನ್ನೂ ಡಬ್ಬಿಗೆ ಹಾಕಿದೆ.

ಹಾಳೆಟೊಪ್ಪಿ · ಮಧ್ಯಾಹ್ನ 2:20

ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿಂದ ಹೊರಗೆ ಬಂದು ಬರೆಯುತ್ತಿದ್ದೇನೆ. ಮೊದಲು ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, 102 ಡಿಗ್ರಿ, ನಾಯಿಗೆ ಅದು ಜ್ವರವಲ್ಲವಂತೆ. ನಾಲಿಗೆ ಎತ್ತಿ ಬುಡದಲ್ಲಿ ದಾರ ಇದೆಯೇ ಎಂದು ನೋಡಿದರು. ಬಚ್ಚಲೊಲೆಯವರೇ, ಆಗ ನಿಮ್ಮ ನೆನಪಾಯಿತು. ಪಕ್ಕಕ್ಕೆ ಮಲಗಿಸಿ ಒಂದು, ಅಂಗಾತ ಮಲಗಿಸಿ ಒಂದು ಎಕ್ಸ್‌ರೇ.

ಡಬ್ಬಿ ಕೊಟ್ಟದ್ದು ಎಷ್ಟು ಉಪಯೋಗಕ್ಕೆ ಬಂತು ಎಂದರೆ, ಅವರು ಬಾತುಕೋಳಿಯ ಬಾಲವನ್ನೂ ಎಕ್ಸ್‌ರೇ ಹಲಗೆಯ ಮೇಲೆ ಮರಿಯ ಪಕ್ಕದಲ್ಲೇ ಇಟ್ಟು ತೆಗೆದರು. ರಬ್ಬರ್ ಎಲ್ಲ ಎಕ್ಸ್‌ರೇಯಲ್ಲಿ ಒಂದೇ ಥರ ಕಾಣುವುದಿಲ್ಲ, ಲೋಹ, ಕಲ್ಲು, ಎಲುಬು ಬಿಳಿಯಾಗಿ ಎದ್ದು ಕಾಣುತ್ತವೆ, ಬಟ್ಟೆ ಮತ್ತು ತೆಳು ಪ್ಲಾಸ್ಟಿಕ್ ಕಾಣುವುದೇ ಇಲ್ಲ ಎನ್ನಬಹುದು. ಈ ರಬ್ಬರ್ ಯಾವ ಥರದ್ದು ಎಂದು ತಿಳಿಯಲು ಬಾಲ ಬೇಕಾಯಿತು. ಬಾಲ ತೆಳು ಬೂದಿ ಬಣ್ಣದಲ್ಲಿ ಕಂಡಿತು. ಅದೇ ಬಣ್ಣದ ಒಂದು ನೆರಳು ಮರಿಯ ಸಣ್ಣಕರುಳಿನಲ್ಲೂ ಇತ್ತು. ಜಠರದಲ್ಲಿ ಏನೂ ಇಲ್ಲ. ತುಂಡಿನ ಹಿಂದೆ ಕರುಳು ಗಾಳಿ ತುಂಬಿ ಉಬ್ಬಿಕೊಂಡಿಲ್ಲ, ಅಂದರೆ ಸದ್ಯಕ್ಕೆ ಅಡ್ಡಗಟ್ಟಿಲ್ಲ. ಪೀಪಿ ಕಾಣಲಿಲ್ಲ, ಆದರೆ ಅದು ಬರೀ ಪ್ಲಾಸ್ಟಿಕ್ ಆದ್ದರಿಂದ ಕಾಣಲಿಲ್ಲವೆಂದರೆ ಇಲ್ಲ ಎಂದು ಅರ್ಥವಲ್ಲ ಎಂದರು.

ಚರ್ಮದ ಕೆಳಗೆ ಡ್ರಿಪ್ ಕೊಟ್ಟಿದ್ದಾರೆ, ಬೆನ್ನಿನ ಮೇಲೆ ನೀರಿನ ಗಂಟು ಹೊತ್ತುಕೊಂಡು ಒಂಟೆಯಂತೆ ಕಾಣುತ್ತಿದೆ. ನಾಳೆ ಮತ್ತೆ ಎಕ್ಸ್‌ರೇ: ತುಂಡು ಮುಂದೆ ಸರಿದಿದ್ದರೆ ಕಾಯುವುದು, ಅಲ್ಲೇ ಕೂತಿದ್ದರೆ ಅಥವಾ ವಾಂತಿ ಹೆಚ್ಚಾದರೆ ಆಪರೇಷನ್. ಗೋಪಾಳದಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲೇ ಉಳಿಯುತ್ತೇವೆ. ಮತ್ತೆ 80 ಕಿಲೋಮೀಟರ್ ಹೋಗಿ ಇನ್ನೊಂದು ಮರ ಬೀಳುವುದನ್ನು ಕಾಯಲಾರೆ.

ಕೊಪ್ಪದ ಕಾಫಿ · 2:31

ಕಾಣುತ್ತಿದೆಯಲ್ಲ, ಕೂಡಲೇ ಕೊಯ್ದು ತೆಗೆದುಬಿಡಬಾರದೇ? ಕಾಯುವುದು ಯಾಕೆ?

ನಿವೃತ್ತ ಗೋಡಾಕ್ಟರ್ · 2:50

ಕರುಳು ಕೊಯ್ಯುವುದು ಅಂಗಿಯ ಜೇಬು ಕೊಯ್ದ ಹಾಗಲ್ಲ. ಹೊಲಿಗೆ ಹಾಕಿದ ಜಾಗ ಮೂರರಿಂದ ಐದನೆಯ ದಿನದ ಹೊತ್ತಿಗೆ ಸೋರಿ ಹೊಟ್ಟೆಯೆಲ್ಲ ನಂಜಾಗುವ ಅಪಾಯ ಯಾವಾಗಲೂ ಇರುತ್ತದೆ. ಅಡ್ಡಗಟ್ಟಿದಾಗ ಒಂದು ಗಂಟೆಯೂ ತಡಮಾಡಬಾರದು, ಯಾಕೆಂದರೆ ಒತ್ತಡಕ್ಕೆ ಕರುಳಿನ ಗೋಡೆಯ ರಕ್ತ ನಿಂತು ಅದು ಕೊಳೆಯುತ್ತದೆ. ತುಂಡು ತಾನೇ ಸಾಗುತ್ತಿರುವಾಗ ದಾರಿಯಲ್ಲಿ ಅದನ್ನು ಅಡ್ಡಗಟ್ಟಿ ಕೊಯ್ಯುವುದಕ್ಕೆ ಕಾರಣವಿಲ್ಲ. ಆಸ್ಪತ್ರೆಯವರು ಸರಿಯಾಗಿಯೇ ಹೇಳಿದ್ದಾರೆ. ಅಷ್ಟು ಚಿಕ್ಕ ಮರಿಯ ಸಣ್ಣಕರುಳು ನಮ್ಮ ಬೆರಳಿನ ದಪ್ಪಕ್ಕಿಂತ ಹೆಚ್ಚಿರುವುದಿಲ್ಲ. ಹೆಬ್ಬೆರಳಿನ ತುದಿಯಷ್ಟು ಮೆತ್ತನೆಯ ರಬ್ಬರ್ ಅದರಲ್ಲಿ ನುಸುಳಬಹುದು, ನುಸುಳದೆಯೂ ಇರಬಹುದು. ಅದಕ್ಕೇ ನಾಳೆಯ ಚಿತ್ರ.

ಹಾಳೆಟೊಪ್ಪಿ · ಸಂಜೆ 6:15

ಊರಿನಿಂದ ಅಮ್ಮ ಫೋನ್ ಮಾಡಿದ್ದರು. ಪೀಪಿ ಸಿಕ್ಕಿತು! ಜಗಲಿಯ ಮೂಲೆಯಲ್ಲಿ ಮಡಚಿಟ್ಟ ಕಂಬಳಿಯ ಮೇಲೆ ಕೂತಾಗ ಕೀ ಎಂದಿತಂತೆ. ಹಾವೋ ಇಲಿಯೋ ಎಂದು ಅಮ್ಮ ಅಂಗಳಕ್ಕೆ ಹಾರಿದರಂತೆ. ಚೀಟಿಯಲ್ಲಿ ಈಗ ಉಳಿದದ್ದು ಒಂದೇ.

ಹಾಳೆಟೊಪ್ಪಿ · ಮಂಗಳವಾರ, ಮಧ್ಯಾಹ್ನ 12:40

ತುಂಡು ದೊಡ್ಡಕರುಳಿಗೆ ಬಂದಿದೆ. ಇನ್ನು ಹೊರಗೆ ಬರುವುದೇ ಎಂದು ನಕ್ಕರು. ಆರು ಗಂಟೆಯಿಂದ ವಾಂತಿಯಿಲ್ಲ. ಬೇಯಿಸಿದ ಕೋಳಿ ಮತ್ತು ಅನ್ನ, ಸ್ವಲ್ಪ ಸ್ವಲ್ಪ. ಪ್ರತಿ ಸಲವೂ ಪರೀಕ್ಷಿಸಿ ನೋಡಲು ಹೇಳಿದ್ದಾರೆ. ಚಿಕ್ಕಮ್ಮನ ಮನೆಯ ತುಳಸಿಕಟ್ಟೆಯ ಹಿಂದೆ ನಾನು ಹಳೆಯ ಸೌಟು ಹಿಡಿದು ನಿಂತಿರುವುದನ್ನು ಅಕ್ಕಪಕ್ಕದವರು ನೋಡಿದ್ದಾರೆ. ಆ ಸೌಟು ಇನ್ನು ಅಡುಗೆಮನೆಗೆ ಬರಕೂಡದು ಎಂದು ಚಿಕ್ಕಮ್ಮ ತೀರ್ಮಾನ ಹೇಳಿಯಾಗಿದೆ.

ಹಾಳೆಟೊಪ್ಪಿ · ಬುಧವಾರ, ಬೆಳಿಗ್ಗೆ 7:05

ಬಂತು. ಹಳದಿ ತುಂಡು. ತೊಳೆದು ಡಬ್ಬಿಯ ಚೂರುಗಳ ಜೊತೆ ಜೋಡಿಸಿದೆ, ಕುತ್ತಿಗೆಗೆ ಸರಿಯಾಗಿ ಕೂತಿತು. ಒಂದು ಚೂರೂ ಕಡಿಮೆಯಿಲ್ಲ.

ಬಚ್ಚಲೊಲೆ · 7:12

ಓದಿ ಖುಷಿಯಾಯಿತು ತಂಗಿ.

ಸಾಗರದ ಸೋಮಾರಿ · 8:30

ಇನ್ನು ಮುಂದೆ ಕಡುಬಿಗೆ ಕಡಿಯಲು ಏನು ಕೊಡುತ್ತೀರಿ? ನಮ್ಮ ಮರಿಯೂ ಇದೇ ವಯಸ್ಸಿನದು, ಮೊನ್ನೆ ಕುರ್ಚಿಯ ಕಾಲು ಅರ್ಧ ಮುಗಿಸಿದೆ.

ವಿನೋಬನಗರ ವಿದ್ಯಾರ್ಥಿನಿ · 8:52

ಹಲ್ಲು ಬದಲಾಗುವ ಕಾಲ ಅದು. ಮರಿಗೆ 28 ಹಾಲುಹಲ್ಲು, ಆಮೇಲೆ 42 ಶಾಶ್ವತ ಹಲ್ಲು. ಸುಮಾರು ಮೂರೂವರೆ ತಿಂಗಳಿನಿಂದ ಏಳು ತಿಂಗಳವರೆಗೆ ಇದೇ ಗೋಳು, ವಸಡು ತುರಿಸುತ್ತದೆ, ಕಡಿಯದೆ ಇರಲಾಗುವುದಿಲ್ಲ. ಬಾಯಿಯೊಳಗೆ ಪೂರ್ತಿ ಹಿಡಿಯದಷ್ಟು ದೊಡ್ಡದಾದ, ಕಣ್ಣು, ಗುಂಡಿ, ಪೀಪಿ ಯಾವುದೂ ಅಂಟಿಸದ ಒಂದೇ ಅಚ್ಚಿನ ರಬ್ಬರ್ ಆಟಿಕೆ ಕೊಡಿ. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು; ತಗ್ಗದಷ್ಟು ಗಟ್ಟಿಯಾದ ಎಲುಬು, ಕೊಂಬು ಹಲ್ಲನ್ನೇ ಮುರಿಯುತ್ತವೆ. ಬೇಯಿಸಿದ ಎಲುಬಂತೂ ಸೀಳಿ ಚೂರಾಗುತ್ತದೆ. ಮೂಲೆ ಕಿತ್ತುಬಂದ ದಿನವೇ ಆಟಿಕೆಯನ್ನು ಎಸೆಯಬೇಕು. ಮಕ್ಕಳ ಆಟಿಕೆ ನಾಯಿಯ ಹಲ್ಲಿಗೆ ಮಾಡಿದ್ದಲ್ಲ.

ನನ್ನ ಪರೀಕ್ಷೆ ಚೆನ್ನಾಗಿ ಆಯಿತು, ಯಾರೂ ಕೇಳಲಿಲ್ಲ.

ಹೊಸನಗರ ಮಳೆಮಾಪಕ · 9:20

ನಾನೊಂದು ಮಾತು ಹೇಳಬೇಕು. ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಚಪ್ಪಲಿ ಬಾರು ತಿಂದು ಬದುಕಿದ ನಾಯಿಗಳೆಲ್ಲ ನನಗೆ ನೆನಪಿವೆ. ಮನೆ ಬಿಟ್ಟು ಹೋಗಿ ಮರಳದವೂ ಇದ್ದವು, ಏಳೋ ಎಂಟೋ. ಅನ್ನ ಬಿಟ್ಟಿದ್ದವು, ಸಪ್ಪಗಿದ್ದವು, ಒಂದು ಬೆಳಿಗ್ಗೆ ಕಾಣಲಿಲ್ಲ. ಚಿರತೆ ಒಯ್ದಿತು ಎನ್ನುತ್ತಿದ್ದೆವು. ಅವುಗಳ ಹೊಟ್ಟೆಯಲ್ಲಿ ಏನಿತ್ತೋ ನೋಡಿದವರು ಯಾರು.

ವಿದ್ಯಾರ್ಥಿನಿಗೆ ಅಭಿನಂದನೆ. ಇವತ್ತು 64, ಮಳೆ ಇಳಿಯುತ್ತಿದೆ.

ಹಾಳೆಟೊಪ್ಪಿ · ರಾತ್ರಿ 8:10

ಮನೆಗೆ ಬಂದೆವು, ಕರೆಂಟೂ ಬಂದಿದೆ. ಕಡುಬು ಹಾಲಿನ ತಂಬಿಗೆಯ ಸದ್ದಿಗೆ ಕೊಟ್ಟಿಗೆಯವರೆಗೆ ಓಡಿತು. ಅಣ್ಣನ ಮಗ ಚೂರುಗಳೆಲ್ಲ ಸಿಕ್ಕವಲ್ಲ, ಬಾತುಕೋಳಿಯನ್ನು ಅಂಟು ಹಚ್ಚಿ ಕೂಡಿಸಿಕೊಡು ಎಂದು ಹಟ ಹಿಡಿದಿದ್ದಾನೆ. ಡಬ್ಬಿ ಮತ್ತು ಅಂಟಿನ ಟ್ಯೂಬು ತೆಗೆದುಕೊಂಡು ಜಗಲಿಯಲ್ಲಿ ಕೂತಿದ್ದಾನೆ.

ನಿವೃತ್ತ ಗೋಡಾಕ್ಟರ್ · 8:12

ಯಾವ ಅಂಟು? ಮರಿ ಎಲ್ಲಿದೆ? ಉಬ್ಬುವ ಜಾತಿಯ ಅಂಟು ಹೊಟ್ಟೆಗೆ ಹೋದರೆ ಅಲ್ಲೇ ಕಲ್ಲಾಗುತ್ತದೆ.

ಹಾಳೆಟೊಪ್ಪಿ · 8:13

ಓಡಿದೆ.

ಹಾಳೆಟೊಪ್ಪಿ · 8:16

ಮುಚ್ಚಳ ಹಾಕಿಯೇ ಇತ್ತು. ಟ್ಯೂಬು ಈಗ ಅಟ್ಟದ ಮೇಲೆ. ಬಾತುಕೋಳಿಯೂ.